ಹಿಂದಿನ ಸೀಟಿನ ಗದ್ದುಗೆ

ಹರಿತಾಳ ಬೆರಳಿಗೆ ಕೂದಲು ಸಿಕ್ಕಿತು.

ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಜಜ್ಜಿಹೋದ ಗಾಡಿ, ಸುಟ್ಟುಹೋದ ಗಾಡಿ, ಕೆರೆಗೆ ಬಿದ್ದ ಗಾಡಿ, ಎಲ್ಲದರೊಳಗೂ ಕೈ ಹಾಕಿದ ಇನ್ಶೂರೆನ್ಸ್ ಸರ್ವೇಯರ್ ಅವಳು. ಆದರೂ ಮಾಲೀಕನೇ ಕಾಣೆಯಾದ ಕಾರಿನ ಸಂದಿಯಲ್ಲಿ ಕೂದಲು ಸಿಕ್ಕರೆ ಎದೆ ಝಲ್ಲೆನ್ನದೆ ಇರುತ್ತದೆಯೇ?

ಹಿಂದಿನ ಸೀಟಿನ ಪಕ್ಕದಲ್ಲಿ, ಬಾಗಿಲ ಕಡೆಗೆ, ಅಂಗೈ ಅಗಲದ ಪ್ಲಾಸ್ಟಿಕ್ ಜಾಲರಿಯೊಂದಿತ್ತು. ನೋಡಿದವರು ಸ್ಪೀಕರ್ ಇರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಅದನ್ನು ಬಿಚ್ಚಿ ಒಳಗಿನ ಕೊಳವೆಗೆ ಮೊಬೈಲಿನ ಟಾರ್ಚ್ ಬಿಟ್ಟಳು. ಕಪ್ಪಗೆ, ಒರಟಾಗಿ, ಗುಂಗುರು ಗುಂಗುರಾಗಿದ್ದ ಅದು ಮನುಷ್ಯರ ಕೂದಲಲ್ಲ. ಎಳೆದಷ್ಟೂ ಬಂತು. ಮುಷ್ಟಿ ತುಂಬಿದ ಗಂಟನ್ನು ಮೂಗಿನ ಬಳಿ ಹಿಡಿದಳು. ಕುರಿಯ ವಾಸನೆ ಹೊಡೆಯಿತು.

ಹಿಂದೂಪುರದಲ್ಲಿ ರೇಷ್ಮೆ ನೂಲು ತೆಗೆಸುವ ಘಟಕ ಇಟ್ಟಿದ್ದ ಕಲ್ಯಾಣದುರ್ಗದ ಜಯರಾಮಪ್ಪ ಮೊನ್ನೆ ಇದೇ ಹೈಬ್ರಿಡ್ ಕಾರಿನಲ್ಲಿ ಬೆಂಗಳೂರಿಗೆಂದು ಹೊರಟವನು ಮಾಯವಾಗಿದ್ದ. ಜೊತೆಗಿದ್ದ ಡ್ರೈವರ್ ರಾಮಾಂಜಿ ಈಗ ಠಾಣೆಯ ಲಾಕಪ್ಪಿನಲ್ಲಿದ್ದ, ಕಾರು ಠಾಣೆಯ ಅಂಗಳದಲ್ಲಿತ್ತು.

ರಾಮಾಂಜಿ ಹೇಳಿದ ಕಥೆ ಇಷ್ಟೇ. ಉರಿ ಬಿಸಿಲಲ್ಲಿ ಕೊಡಿಕೊಂಡದ ಚೆಕ್‌ಪೋಸ್ಟಿನ ಹತ್ತಿರ ಗಾಡಿ ನಿಂತುಹೋಯಿತು. ಯಜಮಾನರು ಬೇರೆ ಯಾವುದೋ ಗಾಡಿ ಹತ್ತಿ ಹೋದರು. ಹೊತ್ತು ಇಳಿದ ಮೇಲೆ ಗುಂಡಿ ಒತ್ತಿದರೆ ಕಾರು ಏನೂ ಆಗಿಲ್ಲವೆಂಬಂತೆ ಎದ್ದಿತು, ಹಿಂದೂಪುರಕ್ಕೆ ತಂದು ನಿಲ್ಲಿಸಿದೆ. ಕೇಳಿದ ಪೊಲೀಸರು ನಕ್ಕಿದ್ದರು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಗಾಡಿ ಹೊಚ್ಚ ಹೊಸದು, ಒತ್ತಿದರೆ ಒತ್ತಿದ ಹಾಗೇ ಸ್ಟಾರ್ಟ್ ಆಗುತ್ತದೆ. ಇಂಥ ಗಾಡಿ ಹೆದ್ದಾರಿಯ ಮಧ್ಯೆ ತಾನಾಗಿ ನಿಂತು ತಾನಾಗಿ ಎದ್ದಿತೇ?

ಅದಕ್ಕೆ ಮುದ್ರೆ ಒತ್ತಿದವಳು ಹರಿತಾ. ನಿನ್ನೆ ಪೊಲೀಸರು ಕರೆಸಿದಾಗ ಬಂದು, ಕಂಪ್ಯೂಟರ್ ಸಿಕ್ಕಿಸಿ ನೋಡಿ, ಗಾಡಿಯಲ್ಲಿ ಯಾವ ದೋಷವೂ ಇಲ್ಲ ಎಂದು ಎಸ್ಸೈ ಎದುರು ಹೇಳಿ ಹೋಗಿದ್ದಳು. ಆ ಮಾತಿನ ಮೇಲೆಯೇ, ಯಜಮಾನನನ್ನು ಕೊಂದನೆಂದು ರಾಮಾಂಜಿಯ ಮೇಲೆ ಕೇಸು ಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ, ಆಮೇಲೆ ಜೈಲು. ಇನ್ನೊಮ್ಮೆ ನೋಡಿಬಿಡೋಣವೆಂದು ಬೆಳಕು ಹರಿಯುತ್ತಲೇ ಮತ್ತೆ ಓಡಿಬಂದಿದ್ದಳು.

ಎಸ್ಸೈ ತಿರುಮಲೇಶ್ ಟೀ ಲೋಟ ಹಿಡಿದುಕೊಂಡೇ ಬಂದ. ಕೆಟ್ಟವನಲ್ಲ, ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

"ನಿನ್ನೆ ಮೀರೇ ಚೆಪ್ಪಾರು ಕದಾ ಮೇಡಂ, ಗಾಡೀಲಿ ಏನೂ ಇಲ್ಲ ಅಂತ?"

"ಹೇಳಿದ್ದೆ ಎಸ್ಸೈ ಗಾರು. ತಪ್ಪು ಹೇಳಿದ್ದೆ."

ಅವಳು ಉಣ್ಣೆಯ ಗಂಟನ್ನು ಬಾನೆಟ್ ಮೇಲಿಟ್ಟು ವಿವರಿಸಿದಳು. ಈ ಗಾಡಿಗೆ ಹೂಡಿರುವುದು ಎರಡು: ಪೆಟ್ರೋಲ್ ಎಂಜಿನ್ ಒಂದು, ಕರೆಂಟಿನ ಮೋಟರ್ ಇನ್ನೊಂದು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂಥ ಜೋಡಿಯಲ್ಲ. ನಿಧಾನಕ್ಕೆ ಹೋಗುವಾಗ ಮೋಟರ್ ಸದ್ದಿಲ್ಲದೆ ಎಳೆಯುತ್ತದೆ, ವೇಗ ಬೇಕಾದಾಗ ಎಂಜಿನ್ ಹೆಗಲು ಕೊಡುತ್ತದೆ, ಬ್ರೇಕ್ ಒತ್ತಿದಾಗ ಅದೇ ಮೋಟರ್ ತಿರುಗಾಮುರುಗಾ ಕೆಲಸ ಮಾಡಿ ಬ್ಯಾಟರಿ ತುಂಬಿಸುತ್ತದೆ. ಆ ದೊಡ್ಡ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಅದಕ್ಕೆ ಸೆಕೆ ತಡೆಯುವುದಿಲ್ಲ. ತಂಪು ಮಾಡಲು ಫ್ಯಾನೊಂದಿದೆ, ಗಾಳಿ ಎಳೆದುಕೊಳ್ಳುವುದು ಈ ಜಾಲರಿಯಿಂದ.

ತಿರುಮಲೇಶನಿಗೆ ಇಷ್ಟು ಅರ್ಥವಾಯಿತು. ಬ್ಯಾಟರಿ ಕಾದರೆ ಕಾಯಲಿ, ಪೆಟ್ರೋಲ್ ಎಂಜಿನ್ ಇತ್ತಲ್ಲ, ಅದರ ಮೇಲೆ ಓಡಿಸಬಹುದಿತ್ತಲ್ಲ ಎಂದ.

"ಎಂಜಿನ್ ಎಬ್ಬಿಸೋಕೆ ಇದರಲ್ಲಿ ಬೇರೆ ಸ್ಟಾರ್ಟರ್ ಇಲ್ಲ. ಎಬ್ಬಿಸೋದೂ ಅದೇ ಬ್ಯಾಟರಿ. ಅದು ಕಾದು ಬಾಗಿಲು ಹಾಕ್ಕೊಂಡ್ರೆ, ಟ್ಯಾಂಕ್ ತುಂಬ ಪೆಟ್ರೋಲ್ ಇದ್ರೂ ಗಾಡಿ ಅಲ್ಲಾಡಲ್ಲ."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ ಎಂದ ಹಾಗಾಯಿತು ಎಂದು ತಿರುಮಲೇಶ್ ನಕ್ಕ. ಅದೇ ಸರಿ ಎಂದಳು ಹರಿತಾ. ಪೂಜಾರಿಯ ಸಿಟ್ಟು ಇಳಿದ ಮೇಲೆ, ಅಂದರೆ ಬ್ಯಾಟರಿ ತಣ್ಣಗಾದ ಮೇಲೆ, ಗಾಡಿ ಏಳುತ್ತದೆ. ರಾಮಾಂಜಿ ಹೇಳಿದ್ದೂ ಅದನ್ನೇ.

ಹಾಗಾದರೆ ಕಂಪ್ಯೂಟರಿನಲ್ಲಿ ಯಾಕೆ ತೋರಿಸಲಿಲ್ಲ? ಅದಕ್ಕೆ ಉತ್ತರ ಠಾಣೆಯಲ್ಲೇ ಇತ್ತು. ಗಾಡಿ ತಂದ ದಿನ ಕಾನ್‌ಸ್ಟೇಬಲೊಬ್ಬ ಒಳಗೆ ಕೂತು ಆ ಗುಂಡಿ ಈ ಗುಂಡಿ ಒತ್ತಿ, ಲೈಟು ಉರಿಯುತ್ತಿರುವ ಹಾಗೇ ಬಿಟ್ಟು ಹೋಗಿದ್ದ. ಗಾಡಿಯ ಮಿದುಳಿಗೆ ಕರೆಂಟು ಕೊಡುವ ಚಿಕ್ಕ ಬ್ಯಾಟರಿ ಬೆಳಗಾಗುವುದರೊಳಗೆ ಸತ್ತಿತ್ತು. ಮೆಕ್ಯಾನಿಕ್ ಕರೆಸಿ ಹೊಸದು ಹಾಕಿಸಿದ್ದರು. ಈ ಮಾದರಿಯಲ್ಲಿ ಚಿಕ್ಕ ಬ್ಯಾಟರಿ ಕಿತ್ತರೆ ಹಳೆಯ ದೋಷದ ನೆನಪೂ ಅಳಿಸಿಹೋಗುತ್ತದೆ. ಇದನ್ನು ಹರಿತಾ ನಿನ್ನೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಕಾರು ನಿಂತಿದ್ದು ನಿಜ ಅಂತಲೇ ಇಟ್ಕೊಳಾಣ. ಮನುಷ್ಯ ಎಲ್ಲಿ ಮೇಡಂ?" ಎಂದ ತಿರುಮಲೇಶ್. ಅವನ ಮಾತೂ ಸರಿಯೇ. ಕೋರ್ಟಿಗೆ ಹೋಗುವ ಹೊತ್ತಿನವರೆಗೆ ಕಾಯುತ್ತೇನೆ, ಅಷ್ಟರೊಳಗೆ ಮನುಷ್ಯನ ಸುಳಿವು ತನ್ನಿ ಎಂದ.

ಹರಿತಾ ಉಣ್ಣೆಯ ಗಂಟು ಹಿಡಿದು ಲಾಕಪ್ಪಿನ ಬಳಿ ಹೋದಳು. ತನ್ನ ಮಾತು ನಿಜವೆಂದು ತೋರಿಸುವ ಸಾಕ್ಷಿ ಸಿಕ್ಕಿದರೆ ಯಾವನಾದರೂ ಕೈಮುಗಿಯಬೇಕು. ರಾಮಾಂಜಿಯ ಮುಖ ಮಾತ್ರ ಬಿಳಿಚಿಕೊಂಡಿತು.

"ಅದನ್ನ ಎಲ್ಲಿಂದ ತೆಗುದ್ರಿ ಮೇಡಮ್?"

ಬಹಳ ಹೊತ್ತು ಕಾಡಿದ ಮೇಲೆ ಬಾಯಿ ಬಿಟ್ಟ. ಅದು ಗದ್ದುಗೆಯ ಕಂಬಳಿ. ಜಯರಾಮಪ್ಪನ ಮನೆಯಲ್ಲಿ ಹೊಸ ಗಾಡಿ ಕೊಂಡರೆ, ಮನೆದೇವರಾದ ಬೀರಪ್ಪನ ಹೆಸರಿನಲ್ಲಿ ಹಿಂದಿನ ಸೀಟಿಗೆ ಕರಿ ಕಂಬಳಿ ಹಾಸುತ್ತಾರೆ. ಅಮಾವಾಸ್ಯೆಯ ಪೂಜೆ ಮುಗಿಯುವವರೆಗೆ ಅದು ದೇವರು ಕೂರುವ ಜಾಗ. ಮನುಷ್ಯರು ಕೂರುವಂತಿಲ್ಲ. ಅದಕ್ಕೇ ಯಜಮಾನರು ಮುಂದೆ, ಡ್ರೈವರ್ ಪಕ್ಕದಲ್ಲಿ ಕೂರುತ್ತಿದ್ದರು. ಎಸಿ ಅವರಿಗೆ ಆಗದು, ಕಿಟಕಿ ಇಳಿಸಿಯೇ ಹೋಗುವುದು.

ಹರಿತಾಳಿಗೆ ಚಿತ್ರ ಪೂರ್ತಿ ಕಂಡಿತು. ಕಂಬಳಿಯ ತುದಿ ಇಳಿಬಿದ್ದು ಜಾಲರಿ ಮುಚ್ಚಿದೆ. ಫ್ಯಾನು ಗಾಳಿಗೆಂದು ಎಳೆದಾಗಲೆಲ್ಲ ಎಳೆ ಎಳೆಯಾಗಿ ಉಣ್ಣೆ ಒಳಗೆ ಹೋಗಿದೆ. ಹೊರಗಿನ ಬಿಸಿಲು, ಒಳಗಿನ ಬಿಸಿ, ದೇವರಿಗೆಂದು ಹಾಸಿದ ಕಂಬಳಿ, ಮೂರೂ ಸೇರಿ ಬ್ಯಾಟರಿಯ ಉಸಿರು ಕಟ್ಟಿಸಿವೆ. ಸರ್ವಿಸ್ ಸೆಂಟರಿನ ಯಾವ ಪುಸ್ತಕದಲ್ಲೂ ಈ ದೋಷ ಬರೆದಿರುವುದಿಲ್ಲ.

"ಇದನ್ನ ಮೊದಲೇ ಹೇಳಿದ್ರೆ ನೀನು ಒಳಗೆ ಕೂರಬೇಕಾಗಿರಲಿಲ್ಲ ಅಲ್ವಾ? ಕಂಬಳಿ ಈಗೆಲ್ಲಿದೆ?"

"ಯಜಮಾನ್ರೇ ಮಡಚ್ಕೊಂಡು ತಕೊಂಡೋದ್ರು."

"ಬಂದ ಗಾಡಿ ಯಾರದು ರಾಮಾಂಜಿ?"

ಅವನು ಗೋಡೆಯ ಕಡೆ ತಿರುಗಿದ. ಕಲ್ಯಾಣದುರ್ಗಕ್ಕೆ ಹೋಗಿ ಜಯರಾಮಪ್ಪನ ತಾಯಿಯನ್ನೇ ಕೇಳುತ್ತೇನೆ ಎಂದು ಅವಳು ಹೊರಟಾಗ ಮಾತ್ರ ಸರಳು ಹಿಡಿದು ಎದ್ದು ನಿಂತ.

"ಅಲ್ಲಿಗೆ ಹೋಗ್ಬ್ಯಾಡಿ ಮೇಡಮ್. ನಾನು ಒಳ್ಗೇ ಇತ್ತೀನಿ, ಏನೂ ಆಗಾಕಿಲ್ಲ."

ಬಿಡಿಸಿ ಎಂದು ಬೇಡುವ ಕೈದಿಗಳನ್ನು ಕಂಡಿದ್ದಳು. ಬಿಡಿಸಬೇಡಿ ಎನ್ನುವವನನ್ನು ಅವಳು ಕಂಡದ್ದು ಇದೇ ಮೊದಲು.

ಮಡಕಶಿರ ದಾಟಿ, ಪಾವಗಡದ ಹತ್ತಿರ ಒಮ್ಮೆ ಕರ್ನಾಟಕಕ್ಕೆ ಹೊಕ್ಕು ಹೊರಬಿದ್ದು, ಕಲ್ಯಾಣದುರ್ಗ ತಲುಪುವವರೆಗೂ ಹರಿತಾ ಎಲ್ಲೂ ನಿಲ್ಲಿಸಲಿಲ್ಲ. ರಸ್ತೆಯ ಎರಡೂ ಕಡೆ ಕಡಲೆಕಾಯಿ ಹೊಲ, ಗಾಳಿ ಗಿರಣಿ, ಮತ್ತೆ ಹೊಲ. ರಾಮಾಂಜಿ ಹೆದರಿದ್ದು ತನಗಾಗಿಯಲ್ಲ ಎಂಬುದಷ್ಟೇ ಅವಳಿಗೆ ಖಾತ್ರಿಯಾಗಿತ್ತು. ಹೊತ್ತು ಏರುತ್ತಿತ್ತು. ಸುಳಿವು ಸಿಗದೆ ವಾಪಸಾದರೆ, ತಪ್ಪು ಮಾಡದವನನ್ನು ಜೈಲಿಗೆ ಕಳಿಸಿದ ಪಾಪ ತನ್ನ ತಲೆಗೇ ಸುತ್ತಿಕೊಳ್ಳುತ್ತದೆ ಎಂದು ಭಯವಾಯಿತು.

ಬಾಗಿಲು ತೆಗೆದವಳು ಜಯರಾಮಪ್ಪನ ಮಗಳು ರೇವತಿ. ಅಪ್ಪ ಕಾಣೆಯಾದಾಗಿನಿಂದ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದರೂ ಬಂದವರಿಗೆ ಕಾಫಿ ತರುವುದನ್ನು ಮರೆಯಲಿಲ್ಲ. ಗಂಡ ಸುರೇಂದ್ರ ಹಿಂದೂಪುರದ ಘಟಕ ನೋಡಿಕೊಳ್ಳುತ್ತಿದ್ದ, ಅವನೂ ತನ್ನ ಗಾಡಿಯಲ್ಲಿ ಮಾವನನ್ನು ಹುಡುಕುತ್ತ ತಿರುಗುತ್ತಿದ್ದಾನಂತೆ. ಫೋನು ಸಿಗುತ್ತಿಲ್ಲ, ಚಾರ್ಜ್ ಮಾಡಿಕೊಳ್ಳಲೂ ಪುರುಸೊತ್ತಿಲ್ಲವೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಜ್ಜಿಗೆ ಮಾತ್ರ ಒಮ್ಮೆ ಫೋನ್ ಮಾಡಿದ್ದನಂತೆ.

ಆ ಅಜ್ಜಿಯೇ ಬೀರಕ್ಕ, ಜಯರಾಮಪ್ಪನ ತಾಯಿ. ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕಡಲೆಬೀಜ ಆರಿಸುತ್ತಿದ್ದಳು. ಮಗ ಕಾಣೆಯಾದ ಮನೆಯಲ್ಲಿ ಇಷ್ಟು ನಿಧಾನವಾಗಿ ಬೀಜ ಆರಿಸುವ ಕೈಗಳನ್ನು ನೋಡಿ ಹರಿತಾಳಿಗೆ ಕಸಿವಿಸಿಯಾಯಿತು.

ದೇವರಮನೆಯ ಬಾಗಿಲು ತೆರೆದೇ ಇತ್ತು. ಬೀರಪ್ಪನ ಪೆಟ್ಟಿಗೆಯ ಮೇಲೆ, ಭಂಡಾರ ಚೆಲ್ಲಿದ ಕರಿ ಕಂಬಳಿ ಮಡಿಕೆ ಕೆಡದಂತೆ ಕೂತಿತ್ತು.

ಹರಿತಾ ಕಾಫಿ ಲೋಟ ಕೆಳಗಿಟ್ಟಳು. ಹತ್ತಿರ ಹೋಗಿ ನೋಡಲೇ ಎಂದು ಕೇಳಿದಳು.

"ಮುಟ್ಟಂಗಿಲ್ಲ ಕಣಮ್ಮ. ಹೊಸ್ಲಿಂದ್ಲೇ ನೋಡು" ಎಂದಳು ಬೀರಕ್ಕ.

ಹೊಸಲಿನಿಂದ ನೋಡಿದರೆ ಸಾಕಾಗಿತ್ತು. ಕಂಬಳಿಯ ಒಂದು ಮೂಲೆ ಹೊರಕ್ಕೆ ಇಳಿದಿತ್ತು. ಉಳಿದ ಕಡೆಯೆಲ್ಲ ದಟ್ಟವಾಗಿದ್ದ ಉಣ್ಣೆ ಅಲ್ಲಿ ಮಾತ್ರ ಸಾಲುಸಾಲಾಗಿ ಸವೆದು ನೇಯ್ಗೆಯ ದಾರ ಕಾಣುತ್ತಿತ್ತು. ಅಂಗೈ ಅಗಲದ ಚೌಕ, ಅದರೊಳಗೆ ಒತ್ತೊತ್ತಾಗಿ ಅಡ್ಡಗೆರೆಗಳು. ಇಲಿ ಕಡಿದರೆ ಗೆರೆ ಎಳೆದು ಕಡಿಯುವುದಿಲ್ಲ.

"ಅಜ್ಜಿ, ಈ ಕಂಬಳಿ ಕಾರಿನಲ್ಲಿತ್ತು."

"ಅದು ಬೇರೆ. ಇದು ಮನೆ ಬಿಟ್ಟು ಕದಲಿಲ್ಲ."

"ಕಾರಿನ ಫ್ಯಾನು ಗಾಳಿ ಎಳೆಯೋ ಜಾಗದ ಅಚ್ಚು ಇದರ ಮೇಲಿದೆ. ಇದರ ಉಣ್ಣೆ ನನ್ನ ಚೀಲದಲ್ಲಿದೆ. ತೆಗೆದು ತೋರಿಸಲಾ?"

ಬೀರಕ್ಕನ ಕೈ ಮೊರದಲ್ಲೇ ನಿಂತಿತು. ಹರಿತಾ ರೇವತಿಯ ಕಡೆ ತಿರುಗಿ, ಗದ್ದುಗೆಯ ಕಂಬಳಿ ಹಾಸುವುದು, ತೆಗೆಯುವುದು, ಮಡಚುವುದು ಯಾರ ಕೆಲಸ ಎಂದು ಮಾಮೂಲಿ ಮಾತಿನಂತೆ ಕೇಳಿದಳು.

"ಅಪ್ಪ ಒಬ್ರೇ ಅಕ್ಕ. ಮನೆಗೆ ಹಿರೀ ಮಗ ಅಲ್ವಾ, ಸ್ನಾನ ಮಾಡಿ ಉಪವಾಸ ಇದ್ದು ಮುಟ್ಬೇಕು. ನಮ್ಮೋರು ಅಳಿಯ, ಅವ್ರು ಕೂಡ ಮುಟ್ಟಂಗಿಲ್ಲ. ಗಾಡಿಯಿಂದ ತೆಗೆದ್ರೆ ಕತ್ಲೆ ಕಳಿಯೋದ್ರೊಳ್ಗೆ ದೇವ್ರ ಪೆಟ್ಗೆ ಮೇಲೆ..."

ಅಲ್ಲಿಗೆ ನಿಂತಳು. ಕಂಬಳಿಯ ಕಡೆ ನೋಡಿದಳು. ಅಳುತ್ತಲೇ ಇದ್ದವಳು ಎರಡು ದಿನದಿಂದ ದೇವರಮನೆಗೆ ದೀಪ ಹಚ್ಚಲೂ ಹೋಗಿರಲಿಲ್ಲ, ಅದೆಲ್ಲ ಅಜ್ಜಿಯದೇ ಆಗಿತ್ತು.

"ಅಜ್ಜೀ, ಅಪ್ಪ ಬಂದಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಮಂದಿಯಲ್ಲ ಬೀರಕ್ಕ. ಹರಿತಾ ಎಷ್ಟು ಕೇಳಿದ್ದರೂ ಅಲ್ಲಾಡುತ್ತಿರಲಿಲ್ಲ. ಮೊಮ್ಮಗಳ ಆ ಒಂದು ಪ್ರಶ್ನೆಗೆ ಮಾತ್ರ ತಡೆಯಲಾಗಲಿಲ್ಲ.

"ಬಂದಿದ್ದ ಕಣವ್ವ. ಜೀವಂತವಾಗವ್ನೆ. ಅಳ್ಬ್ಯಾಡ."

ರೇವತಿ ಗೋಡೆಗೊರಗಿ ಕುಸಿದು ಕೂತಳು. ಅಳುವೋ ನಗುವೋ ತಿಳಿಯದ ಸದ್ದೊಂದು ಅವಳ ಗಂಟಲಿಂದ ಬಂತು. ಅಪ್ಪ ಬದುಕಿದ್ದಾರೆ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು.

ಬೀರಕ್ಕ ತುಂಡು ತುಂಡಾಗಿ ಹೇಳಿದ್ದು ಇಷ್ಟು. ಕಾಣೆಯಾದ ದಿನದ ಮರುನಸುಕಿನಲ್ಲಿ ಮಗ ಹಿತ್ತಿಲ ಬಾಗಿಲು ತಟ್ಟಿದ. ಬಾವಿಯ ನೀರು ಸುರಿದುಕೊಂಡು, ಕಂಬಳಿಯನ್ನು ಪೆಟ್ಟಿಗೆಯ ಮೇಲಿಟ್ಟ. ತುತ್ತು ಅನ್ನ ತಿನ್ನಲಿಲ್ಲ. ಯಾರು ಕೇಳಿದರೂ ನಾನು ಬರಲಿಲ್ಲ ಎನ್ನು ಎಂದು ಮಾತು ತೆಗೆದುಕೊಂಡು, ಬ್ರಹ್ಮಸಮುದ್ರದ ಕಡೆ ನಡೆದೇ ಹೋದ. ಯಾಕೆ ಅವಿತುಕೊಳ್ಳುತ್ತಿದ್ದಾನೆ ಎಂದು ಹರಿತಾ ಕೇಳಿದರೆ ಮುದುಕಿ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

ಹರಿತಾಳಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಮಗನನ್ನ ಕೊಂದ ಅಂತ ರಾಮಾಂಜಿ ಲಾಕಪ್ಪಲ್ಲಿ ಕೂತಿದಾನೆ ಅಜ್ಜಿ. ಅವನಿಗೂ ಒಬ್ಬ ತಾಯಿ ಇರಬೇಕಲ್ಲ?"

"ಗೊತ್ತು ಕಣಮ್ಮ. ನಮ್ ಮನೇಲೇ ಉಂಡು ಬೆಳೆದೋನು" ಎಂದಳು ಬೀರಕ್ಕ. ದನಿ ಸಣ್ಣಗಾಗಿತ್ತು, ಆದರೆ ಕಣ್ಣಲ್ಲಿ ನೀರಿರಲಿಲ್ಲ.

ಅಷ್ಟು ಸಾಕು. ಕೊಂದನೆಂದು ಹಿಡಿದಿರುವಾಗ, ಸತ್ತನೆನ್ನುವವನು ತಾನೇ ನಡೆದುಕೊಂಡು ಮನೆಗೆ ಬಂದಿದ್ದ. ಕಂಬಳಿಯೇ ಸಾಕ್ಷಿ, ತಾಯಿಯೇ ಸಾಕ್ಷಿ. ಹರಿತಾ ತಿರುಮಲೇಶನಿಗೆ ಫೋನ್ ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದ. ಇವಳಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ನಾನೇ ಮಾಡ್ಬೇಕು ಅಂತಿದ್ದೆ ಮೇಡಂ. ರಾಮಾಂಜಿ ಒಪ್ಕೊಂಡ್ಬುಟ್ಟ."

"ಏನನ್ನ?"

"ಕೊಲೆ. ನೀವು ಅತ್ತ ಹೊರಟ್ರಿ, ಇತ್ತ ತಾನೇ ಕೂಗಿ ಕರೆದ. ಯಾರೂ ಮುಟ್ಟಿಲ್ಲ, ಬೈದಿಲ್ಲ. ನಾನೇ ಹೊಡೆದು ಹಾಕಿದೆ, ಜಾಗ ತೋರಿಸ್ತೀನಿ ಅಂದ."

ನಾನು ಈ ಮನೆಗೆ ಬರುವುದನ್ನು ತಡೆಯಲೆಂದೇ ಒಪ್ಪಿಕೊಂಡ ಎಂದು ಹರಿತಾಳಿಗೆ ಹೊಳೆಯಿತು. ಅವನು ಸುಳ್ಳು ಹೇಳುತ್ತಿದ್ದಾನೆ, ಜಯರಾಮಪ್ಪ ಬದುಕಿದ್ದಾನೆ, ಇಲ್ಲಿ ಅವನ ತಾಯಿಯೇ ಹೇಳುತ್ತಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿದಳು. ಆ ಕಡೆಯಿಂದ ಗಾಳಿಯ ಸದ್ದು, ಲಾರಿಗಳ ಹಾರನ್ ಕೇಳಿಸಿತು. ತಿರುಮಲೇಶ್ ಠಾಣೆಯಲ್ಲಿರಲಿಲ್ಲ.

"ಸುಳ್ಳು ಹೇಗಾಗುತ್ತೆ ಮೇಡಂ? ನಾನು ಕೊಡಿಕೊಂಡದ ಹಿಂದಿನ ಹಳೇ ಕಲ್ಲು ಗುಂಡೀಲಿ ನಿಂತಿದೀನಿ. ಅವನು ತೋರಿಸಿದ ಜಾಗದಲ್ಲೇ ಹೆಣ ಸಿಕ್ತು."

ಮಧ್ಯಾಹ್ನದ ಆ ನಿಶ್ಶಬ್ದ ಪಡಸಾಲೆಯಲ್ಲಿ ಫೋನಿನ ಮಾತು ಎಲ್ಲರಿಗೂ ಕೇಳಿಸುತ್ತಿತ್ತು. ರೇವತಿ ತಲೆ ಎತ್ತಿದಳು.

"ಮುಖದ ಮೇಲೆ ಕಲ್ಲು ಎತ್ತಿ ಹಾಕಿದಾರೆ, ಗುರುತು ಸಿಗ್ತಾ ಇಲ್ಲ" ಎಂದು ತಿರುಮಲೇಶ್ ಮುಂದುವರಿಸಿದ. ದನಿಯಲ್ಲಿ ಬೆಳಗಿನ ಗತ್ತು ಇರಲಿಲ್ಲ. "ಮನೆಯವರನ್ನ ಒಂದು ಮಾತು ಕೇಳಿ ಮೇಡಂ. ಜಯರಾಮಪ್ಪ ತಲೆಗೆ ಬಣ್ಣ ಹಾಕ್ತಿದ್ರಾ? ಕೂದಲೆಲ್ಲ ಕರ್ರಗಿದೆ."

ಹರಿತಾ ಗೋಡೆಯ ಮೇಲಿನ ಫೋಟೋ ನೋಡಿದಳು. ಮಗಳ ಮದುವೆಯಲ್ಲಿ ಪೇಟ ತೆಗೆದು ಕೈಯಲ್ಲಿ ಹಿಡಿದು ನಿಂತ ಜಯರಾಮಪ್ಪನ ತಲೆ ಹತ್ತಿಯಷ್ಟು ಬೆಳ್ಳಗಿತ್ತು. ಪಕ್ಕದಲ್ಲಿ ಮದುಮಗ ಸುರೇಂದ್ರ, ಒತ್ತಾದ ಕಪ್ಪು ಕ್ರಾಪು. ಅವಳು ಫೋನನ್ನು ಕಿವಿಯಿಂದ ಇಳಿಸಿದಳು.

ರೇವತಿಯೂ ಅದೇ ಫೋಟೋ ನೋಡುತ್ತಿದ್ದಳು. ನಿಧಾನವಾಗಿ ಎದ್ದು ಬಂದು ಅಜ್ಜಿಯ ಮುಂದೆ ಕೂತು, ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅಜ್ಜಿ, ನಮ್ಮೋರು ಫೋನ್ ಮಾಡಿದ್ರು, ಅಪ್ಪನ್ನ ಹುಡುಕ್ತಾವ್ರೆ ಅಂತ ನೀನೇ ಅಲ್ವಾ ನಂಗೆ ಹೇಳಿದ್ದು? ಅಪ್ಪ ಬಂದಾಗ ಅಳಿಯ ಎಲ್ಲಿ ಅಂತ ಕೇಳ್ಲಿಲ್ವಾ ನೀನು?"

ಬೀರಕ್ಕ ಮೊಮ್ಮಗಳ ಎರಡೂ ಕೈಗಳನ್ನು ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು.

"ಕೇಳ್ದೆ ಕಣವ್ವ" ಎಂದಳು. "ಕೇಳಿದ್ಕೇ ನಿಂಗೆ ಹಂಗೆ ಹೇಳ್ಬೇಕಾಯ್ತು."